ಮೊದಲ ಬಾರಿ ಶೂಟಿಂಗ್ ರೇಂಜ್‌ಗೆ ಬರುವವರಿಗೆ ಏನನ್ನು, ಯಾವ ಕ್ರಮದಲ್ಲಿ ಕಲಿಸಬೇಕು?

ಅಧ್ಯಾಪಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದಾಗಿನಿಂದ ನಮ್ಮ ಪದವಿ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಒಮ್ಮೆಯಾದರೂ ರೇಂಜ್‌ಗೆ ಕರೆದುಕೊಂಡು ಹೋಗಿ ಎಂದು ಕೇಳುತ್ತಲೇ ಇದ್ದಾರೆ. 10 ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲಿನ ವ್ಯವಸ್ಥೆಯಿರುವ ರೇಂಜ್‌ನವರೊಬ್ಬರು ಈಗ ನಮಗಾಗಿ ಒಂದು ಬೆಳಗಿನ ಹೊತ್ತನ್ನು ಬಿಟ್ಟುಕೊಡಲು ಒಪ್ಪಿದ್ದಾರೆ. ವಿದ್ಯಾರ್ಥಿಗಳ ಜೊತೆಗೆ ಐವತ್ತು ದಾಟಿದ ಇಬ್ಬರು ಸಹೋದ್ಯೋಗಿಗಳೂ ಬರುತ್ತಾರೆ. ವಿದ್ಯಾರ್ಥಿನಿಯರಲ್ಲಿ ಒಬ್ಬಳು ಗಾಲಿಕುರ್ಚಿ ಬಳಸುತ್ತಾಳೆ. ಎನ್‌ಸಿಸಿಯಲ್ಲಿದ್ದ ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರ ಅನುಭವವೆಲ್ಲ ಜಾತ್ರೆಯಲ್ಲಿ ಬಲೂನು ಹೊಡೆದಷ್ಟಕ್ಕೇ ಸೀಮಿತ.

ಮೊದಲ ದಿನ ಕೈಗೆ ರೈಫಲ್ ಕೊಡಬೇಕೋ ಪಿಸ್ತೂಲು ಕೊಡಬೇಕೋ, ಪೋಷಕರು ಕಾನೂನಿನ ಬಗ್ಗೆ ಕೇಳಿದರೆ ಏನು ಹೇಳಬೇಕು, ನಿಜವಾಗಿ ಎಚ್ಚರ ವಹಿಸಬೇಕಾದ ಅಪಾಯಗಳು ಯಾವುವು ಎಂಬುದನ್ನು ಅನುಭವವುಳ್ಳವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ. ಆ ದಿನ ಯಾರೂ ಪದಕದ ಕನಸು ಕಾಣಬೇಕೆಂದು ನಾನು ಬಯಸುವುದಿಲ್ಲ. ಹೋದವರಿಗೆ ಮತ್ತೊಮ್ಮೆ ಹೋಗಬೇಕೆನಿಸಿದರೆ ಸಾಕು.

ರೈಫಲ್ ಮಾರ್ಗದರ್ಶಕ, ಬೆಂಗಳೂರು

ಮೇಡಂ, ನಿಮ್ಮ ಕೊನೆಯ ವಾಕ್ಯವೇ ಸರಿಯಾದ ಗುರಿ. ನಮ್ಮ ರೇಂಜ್‌ಗೆ ಬರುವ ಹೊಸಬರನ್ನು ನೋಡಿಕೊಳ್ಳುವ ಕೆಲಸ ಬಹುಕಾಲದಿಂದ ನನ್ನ ಪಾಲಿಗಿದೆ. ಆ ಅನುಭವದಿಂದ ನನಗೆ ಖಚಿತವಾಗಿರುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಗುಂಡು ಹೊಡೆಯುವುದನ್ನಲ್ಲ, ಎತ್ತಿದ ರೈಫಲನ್ನು ಹೊಡೆಯದೆಯೇ ಕೆಳಗಿಳಿಸುವುದನ್ನು. ಗುರಿ ನಡುಗುತ್ತಿದೆ, ಉಸಿರು ಕಟ್ಟುತ್ತಿದೆ, ಪಕ್ಕದಲ್ಲಿ ಯಾರೋ ಮಾತನಾಡಿದರು, ಹೀಗೆ ಕಾರಣ ಯಾವುದೇ ಆಗಿರಲಿ, ಟ್ರಿಗರ್‌ನಿಂದ ಬೆರಳು ತೆಗೆದು ರೈಫಲನ್ನು ಮೇಜಿನ ಮೇಲೆ ಇಳಿಸಿ ಮತ್ತೆ ಮೊದಲಿನಿಂದ ಆರಂಭಿಸಲು ತನಗೆ ಪೂರ್ಣ ಸ್ವಾತಂತ್ರ್ಯವಿದೆ ಎಂಬುದು ಹೊಸಬನಿಗೆ ಮನವರಿಕೆಯಾದರೆ ಸುರಕ್ಷತೆಯೂ ನಿಖರತೆಯೂ ಅದೇ ದಾರಿಯಲ್ಲಿ ಬರುತ್ತವೆ. ಎತ್ತಿದ ಮೇಲೆ ಹೊಡೆಯಲೇಬೇಕು ಎಂದುಕೊಂಡವನು ಅವಸರದಲ್ಲಿ ಟ್ರಿಗರನ್ನು ಕೀಳುತ್ತಾನೆ. ಆದ್ದರಿಂದ ನಾನು ಪ್ರತಿಯೊಬ್ಬರಿಗೂ ಪೆಲೆಟ್ (ಗಾಳಿಯ ಒತ್ತಡದಿಂದ ಹಾರುವ ಸಣ್ಣ ಸೀಸದ ಗುಂಡು) ಕೊಡುವ ಮೊದಲು, ಖಾಲಿ ರೈಫಲನ್ನು ಎತ್ತಿ ಗುರಿ ನೋಡಿ ಹಾಗೆಯೇ ಇಳಿಸುವುದನ್ನು ಹಲವು ಸಲ ಮಾಡಿಸುತ್ತೇನೆ.

ಕಾನೂನಿನ ವಿಷಯ ನೀವು ಅಂದುಕೊಂಡಷ್ಟು ಜಟಿಲವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿ ಬಂದ 2016ರ ನಿಯಮಗಳ ಪ್ರಕಾರ, 4.5 ಮಿಲಿಮೀಟರ್ ಒಳವ್ಯಾಸದ, 20 ಜೂಲ್ ಮೀರದ ಶಕ್ತಿಯ ಏರ್ ಗನ್‌ಗಳಿಗೆ ಪರವಾನಗಿ ಬೇಕಾಗಿಲ್ಲ. ಸ್ಪರ್ಧೆಯ ಏರ್ ರೈಫಲ್‌ನಿಂದ ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಶಕ್ತಿ 7 ರಿಂದ 8 ಜೂಲ್ ಮಾತ್ರ. ಎನ್‌ಸಿಸಿಯಲ್ಲಿ ಮಲಗಿ ಹೊಡೆಯುವ .22 ರೈಫಲ್ ಬೇರೆಯ ವರ್ಗಕ್ಕೆ ಸೇರಿದ್ದು. ಅದು ಸಿಡಿಮದ್ದಿನ ಆಯುಧವಾದ್ದರಿಂದ ಪರವಾನಗಿಯ ಕಟ್ಟುಪಾಡು ಪೂರ್ತಿಯಾಗಿ ಅನ್ವಯಿಸುತ್ತದೆ. ಪೋಷಕರಿಗೆ ಈ ವ್ಯತ್ಯಾಸವನ್ನು ತಿಳಿಸಿ. ಆದರೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆಯಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿ, ಏಕೆಂದರೆ 7 ಜೂಲ್ ಒಂದು ಕಣ್ಣನ್ನು ಶಾಶ್ವತವಾಗಿ ಕಳೆಯಲು ಧಾರಾಳವಾಗಿ ಸಾಕು.

ಇನ್ನು ಅಪಾಯದ ಮಾತು. ಏರ್ ರೇಂಜ್‌ನಲ್ಲಿ ನಾನು ಅತ್ಯಂತ ಹೆಚ್ಚು ಕಣ್ಣಿಡುವುದು ಒಂದೇ ಒಂದು ಕ್ಷಣದ ಮೇಲೆ. ಹೊಸಬರು ಮೊದಲ ಪೆಲೆಟ್ ಹೊಡೆದು, ಅದು ಕಪ್ಪು ವೃತ್ತದೊಳಗೆ ಬಿದ್ದದ್ದನ್ನು ಕಂಡು, ಸಂತೋಷದಿಂದ ಹಿಂದೆ ನಿಂತ ಗೆಳೆಯರ ಕಡೆಗೆ ತಿರುಗುತ್ತಾರೆ, ಕೈಯಲ್ಲಿದ್ದ ರೈಫಲ್ ಕೂಡ ಅವರೊಂದಿಗೆ ತಿರುಗುತ್ತದೆ. ನಳಿಗೆ ಯಾವಾಗಲೂ ಗುರಿಯ ದಿಕ್ಕಿನಲ್ಲೇ ಇರಲಿ ಎಂದು ಬಾಯಲ್ಲಿ ಹೇಳಿದ ಪಾಠ ಆ ಸಂತೋಷದಲ್ಲಿ ನೆನಪಿಗೆ ಬರುವುದಿಲ್ಲ. ಅದಕ್ಕಾಗಿ ಒಬ್ಬ ಹೊಸಬನ ಪಕ್ಕದಲ್ಲಿ ಒಬ್ಬ ಮಾರ್ಗದರ್ಶಕ, ಟ್ರಿಗರ್ ಹಿಡಿದ ಕೈಯ ಬದಿಗೆ ಸ್ವಲ್ಪ ಹಿಂದೆ, ರೈಫಲಿಗೆ ಕೈ ಎಟಕುವಷ್ಟು ಹತ್ತಿರ ನಿಂತಿರಲೇಬೇಕು. ಮನುಷ್ಯ ತಿರುಗಬಹುದು, ರೈಫಲ್ ಮೇಜಿನ ಮೇಲೆಯೇ ಉಳಿಯಬೇಕು. ಖಾಲಿ ರೈಫಲಿನೊಂದಿಗೆ ಈ ಚಲನೆಯನ್ನೂ ಅಭ್ಯಾಸ ಮಾಡಿಸಿ: ಇಳಿಸು, ಕೈ ಬಿಡು, ಆಮೇಲೆ ತಿರುಗು.

ಫೈರಿಂಗ್ ಲೈನ್‌ನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ದಯವಿಟ್ಟು ಪೂರ್ತಿಯಾಗಿ ನಿಲ್ಲಿಸಿ. ಹೊಡೆದ ಗುರಿಯ ಕಾಗದವನ್ನು ಕೈಯಲ್ಲಿ ಹಿಡಿದು ಹೊರಗಡೆ ಎಷ್ಟು ಬೇಕಾದರೂ ತೆಗೆಸಿಕೊಳ್ಳಲಿ.

ಅಧ್ಯಾಪಕಿ, ಮೈಸೂರು

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು, ಸರ್. ರೇಂಜ್‌ನಲ್ಲಿ ಕೂಗಿ ಹೇಳುವ ಆದೇಶಗಳನ್ನು ವಿದ್ಯಾರ್ಥಿಗಳಿಗೆ ಮೊದಲೇ ತರಗತಿಯಲ್ಲಿ ಹೇಳಿಕೊಡಬಹುದೇ? ರೈಫಲ್ ಮೊದಲೋ ಪಿಸ್ತೂಲು ಮೊದಲೋ ಎಂಬ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ರೈಫಲ್ ಮಾರ್ಗದರ್ಶಕ, ಬೆಂಗಳೂರು

ಖಂಡಿತ ಹೇಳಿಕೊಡಿ. ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್ ಎಂಬ ಪದಗಳನ್ನು ಎಲ್ಲ ರೇಂಜ್‌ಗಳಲ್ಲೂ ಹೀಗೆಯೇ ಹೇಳುತ್ತಾರೆ. ಇವುಗಳಲ್ಲಿ ಸ್ಟಾಪ್ ಎಂಬುದನ್ನು ಅಧಿಕಾರಿ ಮಾತ್ರವಲ್ಲ, ಅಪಾಯವನ್ನು ಕಂಡ ಯಾರೇ ಆದರೂ ಕೂಗಬಹುದು. ಹೊಸ ಹುಡುಗಿಯೊಬ್ಬಳು ಹಿರಿಯರ ಮುಂದೆ ಹಾಗೆ ಕೂಗಲು ಹಿಂಜರಿಯುತ್ತಾಳೆ. ಆ ಅಧಿಕಾರ ನಿನಗೂ ಇದೆ ಎಂದು ಬಾಯಿಬಿಟ್ಟು ಹೇಳಬೇಕು. ಸ್ಟಾಪ್ ಎಂದಾಗ ಅರ್ಧ ಒತ್ತಿದ ಟ್ರಿಗರನ್ನೂ ಬಿಟ್ಟುಬಿಡಬೇಕು, ಈ ಒಂದನ್ನು ಹೊಡೆದು ನಿಲ್ಲಿಸುತ್ತೇನೆ ಎನ್ನುವಂತಿಲ್ಲ. ಗುರಿಯ ಕಾಗದ ಬದಲಿಸಲು ಯಾರಾದರೂ ಮುಂದೆ ಹೋಗುವಾಗ ಎಲ್ಲ ರೈಫಲ್‌ಗಳೂ ಖಾಲಿಯಾಗಿ, ಸುರಕ್ಷತಾ ತಂತಿ ತೂರಿಸಿ, ಮೇಜಿನ ಮೇಲಿರಬೇಕು. ಈ ತಂತಿ ಹೊಳೆಯುವ ಕಿತ್ತಳೆ ಅಥವಾ ಅಂಥದೇ ಬಣ್ಣದ್ದಾಗಿದ್ದು, ಏರ್ ರೈಫಲ್‌ನಲ್ಲಿ ನಳಿಗೆಯ ಈ ತುದಿಯಿಂದ ಆ ತುದಿಯವರೆಗೆ ಹಾಯ್ದು ಎರಡೂ ಕಡೆ ಕಾಣುವಂತಿರುತ್ತದೆ. ಅದು ಕಂಡರೆ ಒಳಗೆ ಪೆಲೆಟ್ ಇಲ್ಲವೆಂಬುದು ದೂರದಿಂದಲೇ ಖಾತ್ರಿ. ಆದರೂ ಆ ಹೊತ್ತಿನಲ್ಲಿ ಯಾರೂ ರೈಫಲನ್ನು ಮುಟ್ಟಬಾರದು.

ನನ್ನ ಆಯ್ಕೆ ರೈಫಲ್, ಅದೂ ಮೇಜಿನ ಮೇಲೆ ಆಸರೆ ಇಟ್ಟುಕೊಂಡು ಕುಳಿತು. ಸ್ಪರ್ಧೆಯ ರೈಫಲ್ 5.5 ಕಿಲೋಗ್ರಾಂವರೆಗೂ ತೂಗಬಹುದು. ವಿಶೇಷ ಜಾಕೆಟ್ ಇಲ್ಲದೆ ಅದನ್ನು ನಿಂತು ಹಿಡಿದ ಹೊಸಬನಿಗೆ ಬೆನ್ನು ಮತ್ತು ತೋಳುಗಳ ನೋವಿನ ಹೊರತು ಬೇರೇನೂ ನೆನಪಿನಲ್ಲಿ ಉಳಿಯುವುದಿಲ್ಲ. ಆಸರೆಯ ಮೇಲಿಟ್ಟಾಗ ತೂಕದ ಚಿಂತೆ ತಪ್ಪಿ ಗಮನವೆಲ್ಲ ಕಣ್ಣು, ಉಸಿರು ಮತ್ತು ಬೆರಳಿನ ಮೇಲೆ ನಿಲ್ಲುತ್ತದೆ.

ಪಿಸ್ತೂಲು ಅಭ್ಯಾಸಿ, ಹುಬ್ಬಳ್ಳಿ

ಆಸರೆಯ ಮಾತನ್ನು ಒಪ್ಪುತ್ತೇನೆ. ಆದರೆ ಪಿಸ್ತೂಲನ್ನು ಮೊದಲ ದಿನದಿಂದ ದೂರವಿಡುವುದನ್ನು ನಾನು ಒಪ್ಪುವುದಿಲ್ಲ. ಕನ್ನಡ ನಾಡಿನವರ ಸಾಧನೆಯನ್ನೇ ನೋಡಿದರೂ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ದಿವ್ಯಾ ಟಿ. ಎಸ್. ಅವರು ಸರಬ್ಜೋತ್ ಸಿಂಗ್ ಜೊತೆಗೂಡಿ 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಚಿನ್ನ ಗೆದ್ದದ್ದೂ ಪಿಸ್ತೂಲಿನಲ್ಲೇ. ಪಿಸ್ತೂಲಿಗೆ ಜಾಕೆಟ್ ಬೇಡ, ಬಿಗಿಯಾದ ಪ್ಯಾಂಟ್ ಬೇಡ, ಸಮತಟ್ಟಾದ ಅಡಿಯ ಸಾಧಾರಣ ಬೂಟು ಸಾಕು. ಮಧ್ಯಮ ವರ್ಗದ ವಿದ್ಯಾರ್ಥಿಯೊಬ್ಬ ಮುಂದುವರಿಯಬೇಕೆಂದರೆ ಖರ್ಚಿನ ದೃಷ್ಟಿಯಿಂದ ಇದು ಸಣ್ಣ ವಿಷಯವಲ್ಲ.

ಕಷ್ಟವಿರುವುದು ಟ್ರಿಗರಿನಲ್ಲಿ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕೆಂಬ ನಿಯಮವಿದೆ. ರೈಫಲಿನ ಟ್ರಿಗರ್‌ಗೆ ಅಂಥ ಕನಿಷ್ಠ ಮಿತಿಯಿಲ್ಲ, ಅದು ಬೆರಳು ತಾಗಿದರೆ ಸಾಕೆನ್ನುವಷ್ಟು ಹಗುರ. ಒಂದೇ ಕೈಯಲ್ಲಿ ಚಾಚಿ ಹಿಡಿದ ಪಿಸ್ತೂಲಿನ ಮೇಲೆ ಅರ್ಧ ಕಿಲೋ ಒತ್ತಡವನ್ನು ಹಿಡಿಕೆ ಅಲುಗದಂತೆ ಹಾಕುವುದೇ ಈ ವಿದ್ಯೆಯ ಬಹುಪಾಲು. ಆದರೆ ಗುರಿಯೂ ಅದಕ್ಕೆ ತಕ್ಕಂತೆ ಉದಾರವಾಗಿದೆ: ರೈಫಲ್ ಗುರಿಯ ನಡುವೆ ಹತ್ತು ಅಂಕ ಕೊಡುವ ಚುಕ್ಕೆ ಅರ್ಧ ಮಿಲಿಮೀಟರ್, ಪಿಸ್ತೂಲಿನ ಹತ್ತರ ವೃತ್ತ 11.5 ಮಿಲಿಮೀಟರ್. ಹೊಸಬರು ಎರಡೂ ಕೈಗಳಲ್ಲಿ ಹಿಡಿದು, ಮಣಿಕಟ್ಟನ್ನು ಮರಳಿನ ಚೀಲದ ಮೇಲೆ ಊರಿ ಆರಂಭಿಸಲಿ. ಒಂದು ಕೈಯ ನಿಯಮ ಸ್ಪರ್ಧೆಯದು, ಕಲಿಕೆಯದಲ್ಲ.

ನೋಟದ ವಿಷಯದಲ್ಲಿ ಒಂದನ್ನು ಮೊದಲೇ ಹೇಳಿಬಿಡಿ. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಹಿಂದಿನ ಗೀರು, ನಳಿಗೆಯ ತುದಿಯ ಮುಂದಿನ ಕಡ್ಡಿ, ದೂರದ ಕಪ್ಪು ವೃತ್ತ ಈ ಮೂರನ್ನೂ ಕಣ್ಣು ಏಕಕಾಲಕ್ಕೆ ಸ್ಪಷ್ಟವಾಗಿ ನೋಡಲಾರದು. ಸ್ಪಷ್ಟವಾಗಿ ಕಾಣಬೇಕಾದದ್ದು ಮುಂದಿನ ಕಡ್ಡಿ, ಮಸುಕಾಗಬೇಕಾದದ್ದು ಕಪ್ಪು. ಗುರಿ ಮಸುಕಾಗಿದೆ ಎಂದು ಗಾಬರಿಯಾಗುವ ಹೊಸಬರಿಗೆ, ನೀವು ಸರಿಯಾಗಿ ನೋಡುತ್ತಿದ್ದೀರಿ ಎಂದು ಹೇಳುವವರು ಪಕ್ಕದಲ್ಲಿರಬೇಕು. ಕಡ್ಡಿಯನ್ನು ಕಪ್ಪಿನ ನಡುವೆ ನೆಡದೆ, ಅದರ ಕೆಳಗೆ ಸ್ವಲ್ಪ ಬಿಳಿ ಉಳಿಯುವಂತೆ ನಿಲ್ಲಿಸುವುದು ರೂಢಿ. ಕಪ್ಪಿನ ಮೇಲೆ ಕಪ್ಪು ಕಡ್ಡಿ ಇಟ್ಟರೆ ಅದರ ಅಂಚೇ ಕಳೆದುಹೋಗುತ್ತದೆ.

ಕನ್ನಡಕ ಧರಿಸುವ ಹಿರಿಯರು

ಪಿಸ್ತೂಲಿನವರು ಹೇಳಿದ ಇದೇ ಕಾರಣಕ್ಕೆ ಐವತ್ತು ದಾಟಿದ ಆ ಇಬ್ಬರು ಸಹೋದ್ಯೋಗಿಗಳಿಗೆ ರೈಫಲನ್ನೇ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಚಾಳೀಸು ಬಂದ ಕಣ್ಣಿಗೆ ಕೈಯಳತೆಯ ದೂರದಲ್ಲಿರುವ ಮುಂದಿನ ಕಡ್ಡಿ ಸ್ಪಷ್ಟವಾಗಿ ಕಾಣುವುದಿಲ್ಲ. ಓದುವ ಕನ್ನಡಕದಲ್ಲೂ ಕಾಣುವುದಿಲ್ಲ, ದೂರದ ಕನ್ನಡಕದಲ್ಲೂ ಕಾಣುವುದಿಲ್ಲ, ಎರಡೂ ಸೇರಿದ ಮಸೂರದಲ್ಲಿ ಅದನ್ನು ಹುಡುಕುತ್ತಾ ತಲೆಯನ್ನು ಹಿಂದಕ್ಕೆ ವಾಲಿಸಿ ಕತ್ತು ನೋಯಿಸಿಕೊಳ್ಳುವುದಷ್ಟೇ ಉಳಿಯುತ್ತದೆ. ರೈಫಲಿನ ಹಿಂಬದಿಯ ನೋಟದ ತೂತು ಬಹಳ ಸಣ್ಣದು. ಅದರ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಸುಮಾರಾಗಿ ಒಟ್ಟಿಗೇ ತಿಳಿಯಾಗುತ್ತವೆ. ವೃತ್ತದೊಳಗೆ ವೃತ್ತ, ಅದರೊಳಗೆ ಕಪ್ಪು ಬೊಟ್ಟು, ಸುತ್ತಲೂ ಸಮನಾದ ಬಿಳಿ, ಇಷ್ಟನ್ನು ಸರಿಹೊಂದಿಸಲು ವಯಸ್ಸು ಅಡ್ಡಿ ಬರುವುದಿಲ್ಲ. ನನ್ನ ವಯಸ್ಸಿನವರು ಈ ಕ್ರೀಡೆಯಲ್ಲಿ ನೆಲೆ ನಿಲ್ಲಲು ಇದೂ ಒಂದು ದೊಡ್ಡ ಕಾರಣ.

ಯಾವ ಕಣ್ಣು ಪ್ರಧಾನ ಎಂಬುದನ್ನು ಹೊರಡುವ ಮೊದಲು ತರಗತಿಯಲ್ಲೇ ಪರೀಕ್ಷಿಸಿಕೊಳ್ಳಿ. ಎರಡೂ ತೋಳು ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ವಸ್ತುವನ್ನು ಅದರೊಳಗೆ ನೋಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಿದರೆ, ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಪ್ರಧಾನ. ಬಲಗೈಯವರಿಗೆ ಎಡಗಣ್ಣು ಪ್ರಧಾನವಾಗಿದ್ದರೆ ಗಾಬರಿ ಬೇಡ. ಆ ಕಣ್ಣಿನ ಮುಂದೆ ಸಣ್ಣ ಬಿಳಿ ಅಡ್ಡಪಟ್ಟಿ ಬಂದರೆ ಸಾಕು. ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡರೆ ಮುಖದ ಸ್ನಾಯುಗಳು ಬಿಗಿದು ಇನ್ನೊಂದು ಕಣ್ಣೂ ಬೇಗ ದಣಿಯುತ್ತದೆ.

ಕೊಡಗಿನಿಂದ

ಚರ್ಚೆಯನ್ನು ಗಮನವಿಟ್ಟು ಓದುತ್ತಿದ್ದೇನೆ. ನಮ್ಮಲ್ಲಿ ಕೋವಿ ಮನೆಯ ಒಂದು ಭಾಗ. ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿಗಳನ್ನು ಹೂವಿನಿಂದ ಅಲಂಕರಿಸಿ ಪೂಜಿಸಿ, ಆಮೇಲೆ ಊರ ಮಂದ್‌ನಲ್ಲೋ ಮೈದಾನದಲ್ಲೋ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದನ್ನು ಹೇಳುವ ಕಾರಣವಿದೆ. ಕೋವಿಯ ಜೊತೆ ಬೆಳೆದ ನಮ್ಮ ಮಕ್ಕಳು ಅದನ್ನು ಕೈಗೆತ್ತಿಕೊಳ್ಳುವ ಎಷ್ಟೋ ವರ್ಷ ಮೊದಲು ಅದನ್ನು ದಾಟಬಾರದು, ಮನುಷ್ಯರತ್ತ ತಿರುಗಿಸಬಾರದು ಎಂಬುದನ್ನು ಕಲಿತಿರುತ್ತಾರೆ. ಪಟ್ಟಣದ ಮಕ್ಕಳಿಗೆ ಆ ವರ್ಷಗಳು ಸಿಕ್ಕಿರುವುದಿಲ್ಲ. ಅವರು ಕೋವಿಯನ್ನು ಕಂಡಿರುವುದೆಲ್ಲ ಸಿನಿಮಾದಲ್ಲಿ ಮತ್ತು ಮೊಬೈಲ್ ಆಟದಲ್ಲಿ, ಅಲ್ಲಿ ಬೆರಳು ಸದಾ ಟ್ರಿಗರಿನ ಮೇಲೆಯೇ ಇರುತ್ತದೆ. ಆ ಅಭ್ಯಾಸವನ್ನು ಮೊದಲ ಒಂದು ಗಂಟೆಯಲ್ಲಿ ಬಿಡಿಸಬೇಕಾಗುತ್ತದೆ.

ಒಂದು ಭಿನ್ನಾಭಿಪ್ರಾಯವನ್ನೂ ಸೂಚಿಸುತ್ತೇನೆ. ರೈಫಲ್ ಮಾರ್ಗದರ್ಶಕರ ವಿಧಾನ ಸುರಕ್ಷಿತ ನಿಜ, ಆದರೆ ಹೊಡೆಯದೆ ಇಳಿಸುವುದನ್ನೇ ಹಲವು ಸಲ ಮಾಡಿಸಿದರೆ ಹರೆಯದವರ ಉತ್ಸಾಹ ಕುಗ್ಗುವುದಿಲ್ಲವೇ? ತೆಂಗಿನಕಾಯಿ ಒಡೆದು ನೀರು ಚಿಮ್ಮಿದಾಗ ಊರೆಲ್ಲ ಸಂಭ್ರಮಿಸುತ್ತದೆ. ಆ ಸಂಭ್ರಮಕ್ಕೂ ಒಂದು ಸ್ಥಾನ ಬೇಕು.

ರೈಫಲ್ ಮಾರ್ಗದರ್ಶಕ, ಬೆಂಗಳೂರು

ನಿಮ್ಮ ಮಾತು ಸರಿ, ಸಂಭ್ರಮ ಬೇಕು. ನಾನು ಅದನ್ನು ಅಂಕಗಳಿಂದ ಬಿಡಿಸಿ ಬೇರೊಂದರ ಮೇಲೆ ಇಡುತ್ತೇನೆ, ಅದು ಗುಂಪು. ಹೊಸಬರ ಕೈಗೆ ಐದು ಪೆಲೆಟ್ ಕೊಟ್ಟು, ಕಪ್ಪು ವೃತ್ತವೇ ಇಲ್ಲದ, ಗುರಿಕಾಗದದ ಬಿಳಿ ಹಿಂಬದಿಯನ್ನು ಎದುರಿಗಿಟ್ಟು, ಐದನ್ನೂ ಒಂದೇ ರೀತಿಯಲ್ಲಿ ಹೊಡೆಯಿರಿ ಎನ್ನುತ್ತೇನೆ. ತೂತುಗಳು ಎಲ್ಲಿ ಬಿದ್ದವು ಎಂಬುದು ಲೆಕ್ಕವಲ್ಲ, ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಎಂಬುದೇ ಲೆಕ್ಕ. ಆಸರೆಯ ಮೇಲಿಟ್ಟು ಹೊಡೆದಾಗ ಮೊದಲ ದಿನವೇ ಐದೂ ತೂತುಗಳು ಒಂದನ್ನೊಂದು ಮುಟ್ಟುವುದು ಅಪರೂಪವೇನಲ್ಲ. ಆಗ ಅವರ ಮುಖದಲ್ಲಿ ಕಾಣುವ ಸಂತೋಷ ತೆಂಗಿನಕಾಯಿ ಒಡೆದವರದ್ದಕ್ಕಿಂತ ಕಡಿಮೆಯಿರುವುದಿಲ್ಲ. ಗುಂಪು ಎಡಕ್ಕೋ ಕೆಳಕ್ಕೋ ಬಿದ್ದಿದ್ದರೆ ನೋಟದ ತಿರುಪನ್ನು ಕೆಲವು ಕ್ಲಿಕ್ ತಿರುಗಿಸಿ ಅದನ್ನು ನಡುವಿಗೆ ತರುವುದು ನನ್ನ ಕೆಲಸ. ಚದುರಿದ ಐದು ತೂತುಗಳನ್ನು ಮಾತ್ರ ಯಾವ ತಿರುಪೂ ಒಟ್ಟುಗೂಡಿಸಲಾರದು. ಮೊದಲೇ ಅಂಕಗಳ ಲೆಕ್ಕ ಶುರುಮಾಡಿದರೆ, ಅದೃಷ್ಟದಿಂದ ಹತ್ತಕ್ಕೆ ಬಿದ್ದ ಒಂದು ಪೆಲೆಟ್ ತಪ್ಪಾದ ಹಿಡಿತವನ್ನೇ ಸರಿಯೆಂದು ನಂಬಿಸಿಬಿಡುತ್ತದೆ.

ಪೆಲೆಟ್ ತುಂಬುವುದನ್ನು ಅವಸರವಿಲ್ಲದೆ ತೋರಿಸಿ. ಅಂಗೈ ಮೇಲೆ ಒಂದನ್ನು ಇಟ್ಟು ನೋಡಲು ಹೇಳಿ: ಒಂದು ತುದಿ ಚಪ್ಪಟೆ, ನಡು ಕಿರಿದು, ಇನ್ನೊಂದು ತುದಿ ಲಂಗದಂತೆ ಅಗಲವಾಗಿ ಒಳಗೆ ಟೊಳ್ಳು. ಚಪ್ಪಟೆ ತಲೆ ಮುಂದೆ, ಟೊಳ್ಳು ಭಾಗ ಹಿಂದೆ. ಸೀಸ ಮೆತ್ತಗಿರುವುದರಿಂದ ಆ ಅಂಚು ಬೆರಳಿನ ಒತ್ತಡಕ್ಕೇ ನೆಗ್ಗಬಹುದು. ನೆಗ್ಗಿದ್ದನ್ನು ಬದಿಗಿಡಬೇಕು, ಏಕೆಂದರೆ ಗಾಳಿ ಆ ಅಂಚನ್ನು ಹಿಗ್ಗಿಸಿಯೇ ನಳಿಗೆಯೊಳಗಿನ ಸುರುಳಿಗೆರೆಗಳಿಗೆ ಬಿಗಿಯಾಗಿ ಕೂರಿಸುತ್ತದೆ. ಬೆರಳ ತುದಿಯಲ್ಲಿ ಪೆಲೆಟನ್ನು ಒಮ್ಮೆ ಉರುಳಿಸಿ ನೋಡುವ ಈ ಸಣ್ಣ ಅಭ್ಯಾಸ ಹೊಸಬರ ಕೈಯ ವೇಗವನ್ನು ತಾನಾಗಿ ತಗ್ಗಿಸುತ್ತದೆ. ಎರಡು ಹೊಡೆತಗಳ ನಡುವೆ ಅವರಿಗೆ ಬೇಕಾಗಿರುವುದೂ ಅದೇ ಬಿಡುವು.

ಇನ್ನು ಒಂದು ಹೊಡೆತದ ಕ್ರಮ. ರೈಫಲನ್ನು ಭುಜಕ್ಕೆ ಕೂರಿಸಿ, ಕೆನ್ನೆಯನ್ನು ಪ್ರತಿ ಸಲವೂ ಅದೇ ಜಾಗದಲ್ಲಿ ಇಟ್ಟು, ಕಣ್ಣು ಮುಚ್ಚಿ ಒಂದೆರಡು ಉಸಿರು ಬಿಟ್ಟು ಮತ್ತೆ ತೆರೆಯಬೇಕು. ತೆರೆದಾಗ ನೋಟ ಗುರಿಯಿಂದ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ರೈಫಲನ್ನು ಎಳೆದು ತರಬಾರದು, ಇಡೀ ದೇಹವನ್ನೇ ಸ್ವಲ್ಪ ಸರಿಸಿಕೊಳ್ಳಬೇಕು. ನಿಂತು ಹೊಡೆಯುವವರಾದರೆ ಹಿಂದಿನ ಕಾಲನ್ನು ಕೊಂಚ ಜರುಗಿಸಿದರೆ ಸಾಕು. ಉಸಿರನ್ನು ಸಹಜವಾಗಿ ಬಿಡುತ್ತಾ, ಅದು ತಾನಾಗಿ ನಿಲ್ಲುವ ಹೊತ್ತಿನಲ್ಲಿ ಟ್ರಿಗರನ್ನು ನಿಧಾನವಾಗಿ ನೇರ ಹಿಂದಕ್ಕೆ ಒತ್ತಬೇಕು. ಉಸಿರು ನಿಂತು ಏಳೆಂಟು ಸೆಕೆಂಡುಗಳೊಳಗೆ ಹೊಡೆತ ಆಗದಿದ್ದರೆ ಇಳಿಸಿಬಿಡಬೇಕು, ಅದಾದ ಮೇಲೆ ಕಣ್ಣು ತನಗೆ ಬೇಕಾದುದನ್ನೇ ಕಾಣತೊಡಗುತ್ತದೆ. ಹೊಡೆದ ಮೇಲೂ ಒಂದೆರಡು ಸೆಕೆಂಡು ಅಲುಗದೆ ನೋಟವನ್ನು ಗುರಿಯ ಮೇಲೆಯೇ ಉಳಿಸಬೇಕು. ಟ್ರಿಗರ್ ಬಿಟ್ಟ ನಂತರವೂ ಪೆಲೆಟ್ ಕೆಲವು ಮಿಲಿಸೆಕೆಂಡು ನಳಿಗೆಯೊಳಗೇ ಇರುತ್ತದೆ. ಫಲಿತಾಂಶ ನೋಡುವ ಆತುರದಲ್ಲಿ ತಲೆ ಎತ್ತಲು ಅಣಿಯಾದವನ ರೈಫಲ್ ಆಗಲೇ ಅಲುಗಿರುತ್ತದೆ.

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನವನ್ನು ಖಚಿತಪಡಿಸಿದ ಕೊನೆಯ ಹೊಡೆತ 10.8 ಆಗಿತ್ತು. 10.9 ಎಂಬುದೇ ಗರಿಷ್ಠವಾಗಿರುವ ಆಟದಲ್ಲಿ ಅಂಥ ಹೊಡೆತದ ಬೆಲೆ ಏನೆಂಬುದು, ತಮ್ಮ ಐದು ತೂತುಗಳ ಗುಂಪನ್ನು ಒಮ್ಮೆ ಕಂಡ ಮೇಲೆ ನಿಮ್ಮ ವಿದ್ಯಾರ್ಥಿಗಳಿಗೆ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ.

ಇಬ್ಬರು ಮಕ್ಕಳ ತಾಯಿ, ಧಾರವಾಡ

ಪೆಲೆಟ್‌ಗಳು ಸೀಸದವು ಎಂಬುದು ಮಾತಿನ ನಡುವೆ ಬಂದುಹೋಯಿತು. ಅದರ ಬಗ್ಗೆ ಇನ್ನೂ ಸ್ವಲ್ಪ ಸ್ಪಷ್ಟವಾಗಿ ಹೇಳುವುದು ಅಗತ್ಯ. ಪೆಲೆಟ್‌ಗಳನ್ನು ಬಾಯಲ್ಲಿ ಇಟ್ಟುಕೊಳ್ಳುವ ಕೆಟ್ಟ ಅಭ್ಯಾಸವನ್ನು ನಾನು ಹಲವರಲ್ಲಿ ಕಂಡಿದ್ದೇನೆ. ಫೈರಿಂಗ್ ಲೈನ್‌ನ ಹತ್ತಿರ ತಿನ್ನುವುದು, ಕುಡಿಯುವುದು ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ಮತ್ತು ಮುಖ ತೊಳೆದು ಆಮೇಲೆ ತಿಂಡಿ ಮುಟ್ಟಬೇಕು. ನೀವು ತಿಂಡಿಯ ವ್ಯವಸ್ಥೆ ಮಾಡುವುದಿದ್ದರೆ ಅದನ್ನು ರೇಂಜ್‌ನ ಹೊರಗೆ ಇಡಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಹೊಡೆಯುವವರಿಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುವವರಿಗೂ ಬೇಕು.

ಕೆಲವು ಕಡೆ ಹೊಸಬರಿಗೆ ಕೊಡುವ, ನಳಿಗೆಯನ್ನು ಬಗ್ಗಿಸಿ ತುಂಬುವ ಸ್ಪ್ರಿಂಗ್ ರೈಫಲ್ ಬಗ್ಗೆಯೂ ಯಾರಾದರೂ ಹೇಳಬೇಕು.

ಪಿಸ್ತೂಲು ಅಭ್ಯಾಸಿ, ಹುಬ್ಬಳ್ಳಿ

ಒಳ್ಳೆಯ ಪ್ರಶ್ನೆ. ಜಾತ್ರೆಯಲ್ಲಿ ಕಾಣುವ ರೈಫಲ್ ಅದೇ ಬಗೆಯದು. ಬಗ್ಗಿಸಿದ ನಳಿಗೆಯನ್ನು ಪೆಲೆಟ್ ತುಂಬುವಾಗ ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಬೇಕು. ಆ ಹೊತ್ತಿಗೆ ಟ್ರಿಗರ್ ಜಾರಿದರೆ ನಳಿಗೆ ಚಿಮ್ಮಿ ಮುಚ್ಚಿಕೊಂಡು ಬೆರಳು ಜಜ್ಜಿಹೋಗುತ್ತದೆ. ಪೆಲೆಟ್ ಇಲ್ಲದೆ ಅದನ್ನು ಹಾರಿಸಬಾರದು. ಎದುರು ಒತ್ತಡವಿಲ್ಲದೆ ಒಳಗಿನ ಪಿಸ್ಟನ್ ರಭಸದಿಂದ ಬಡಿದು ಕೆಡುತ್ತದೆ. ಸಂಕುಚಿತ ಗಾಳಿಯ ಸಿಲಿಂಡರ್ ಇರುವ ಸ್ಪರ್ಧಾ ರೈಫಲ್‌ಗಳಲ್ಲಿ ಗಾಳಿಯನ್ನೇ ಬಳಸದೆ ಟ್ರಿಗರ್ ಅಭ್ಯಾಸ ಮಾಡುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಹೊಸಬರಿಗೆ ಅದರ ಉಪಯೋಗ ಬಹಳ. ಆದರೆ ಆ ಸಿಲಿಂಡರ್‌ಗಳಲ್ಲಿ 200 ಬಾರ್ ಒತ್ತಡ ತುಂಬಿರುತ್ತದೆ. ಅದನ್ನು ತುಂಬಿಸುವುದೂ ಬಿಚ್ಚುವುದೂ ರೇಂಜ್‌ನವರ ಕೆಲಸ, ಅವುಗಳ ಮೇಲೆ ಮುದ್ರಿಸಿರುವ ಬಳಕೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಅವರದೇ ಹೊಣೆ. ನೀವು ಕೇಳಿ ತಿಳಿದುಕೊಂಡರೆ ತಪ್ಪೇನೂ ಇಲ್ಲ.

ಅಧ್ಯಾಪಕಿ, ಮೈಸೂರು

ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಗಾಲಿಕುರ್ಚಿಯ ವಿದ್ಯಾರ್ಥಿನಿಯ ವಿಷಯದಲ್ಲಿ ಯಾರೂ ಏನೂ ಹೇಳಿಲ್ಲ. ನೋಡುವುದಕ್ಕೆಂದು ಮಾತ್ರ ಬರುತ್ತೇನೆ ಎಂದು ಅವಳು ಹೇಳುತ್ತಿದ್ದಾಳೆ.

ರೈಫಲ್ ಮಾರ್ಗದರ್ಶಕ, ಬೆಂಗಳೂರು

ಮೇಡಂ, ಅವಳನ್ನು ದಯವಿಟ್ಟು ನೋಡುವವರ ಸಾಲಿನಲ್ಲಿ ಕೂರಿಸಬೇಡಿ. ಅವನಿ ಲೇಖರಾ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿಯೂ 2024ರ ಪ್ಯಾರಿಸ್‌ನಲ್ಲಿಯೂ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದದ್ದು ಗಾಲಿಕುರ್ಚಿಯಲ್ಲಿ ಕುಳಿತೇ. ಪ್ಯಾರಾ ಶೂಟಿಂಗ್‌ನಲ್ಲಿ ರೈಫಲಿನ ಭಾರವನ್ನು ತಾವೇ ಹೊರಬಲ್ಲವರಿಗೆ ಒಂದು ವರ್ಗ, ತೋಳಿನ ಬಲ ಸಾಲದವರಿಗೆ ಸ್ಪ್ರಿಂಗ್ ಆಸರೆಯೊಂದಿಗೆ ಹೊಡೆಯುವ ಇನ್ನೊಂದು ವರ್ಗ ಇದೆ. ಮೊದಲ ದಿನ ಎಲ್ಲರೂ ಕುಳಿತು ಆಸರೆಯ ಮೇಲಿಟ್ಟೇ ಹೊಡೆಯುವುದಾದರೆ ಅವಳಿಗಾಗಿ ಪ್ರತ್ಯೇಕವಾಗಿ ಏನನ್ನೂ ಮಾಡಬೇಕಾಗಿಲ್ಲ. ಮೇಜಿನ ಎತ್ತರ ಕುರ್ಚಿಗೆ ಹೊಂದುತ್ತದೆಯೇ, ಮೇಜಿನ ಕಾಲುಗಳು ಚಕ್ರಗಳಿಗೆ ಅಡ್ಡ ಬರುತ್ತವೆಯೇ, ಬಾಗಿಲಲ್ಲಿ ಮೆಟ್ಟಿಲಿದೆಯೇ ಎಂಬುದನ್ನು ಮುಂಚಿತವಾಗಿ ಹೋಗಿ ನೋಡಿ ಬನ್ನಿ. ಹೊಡೆಯುವಾಗ ಕುರ್ಚಿಯ ಎರಡೂ ಬ್ರೇಕ್ ಹಾಕಿರಲಿ.

ಅಧ್ಯಾಪಕಿ, ಮೈಸೂರು

ಕಳೆದ ಭಾನುವಾರ ಹೋಗಿ ಬಂದೆವು. ಮೆಟ್ಟಿಲ ವಿಷಯ ಮೊದಲೇ ಗೊತ್ತಿದ್ದುದರಿಂದ ಹಲಗೆಯ ಇಳಿಜಾರು ಹಾಕಿಸಿದ್ದೆವು. ಎರಡೇ ರೈಫಲ್ ಬಳಸಿದ್ದರಿಂದ ಕಾಯುವ ಹೊತ್ತು ಹೆಚ್ಚಾಯಿತು, ಆದರೆ ಕಾಯುತ್ತಿದ್ದವರು ಮುಂದಿನವರ ತಪ್ಪುಗಳನ್ನು ಗಮನಿಸಿ ಕಲಿತರು. ಗುಂಡು ಹೊಡೆಯದೆ ರೈಫಲ್ ಇಳಿಸಿದ ಮೊದಲ ವಿದ್ಯಾರ್ಥಿಗೆ ರೇಂಜ್ ಅಧಿಕಾರಿ ಎಲ್ಲರೆದುರು ಶಾಭಾಷ್ ಎಂದರು. ಅಲ್ಲಿಂದ ಮುಂದೆ ಅವಸರ ಮಾಡಿದವರೇ ಇಲ್ಲ. ಅತ್ಯಂತ ಬಿಗಿಯಾದ ಗುಂಪು ಬಂದದ್ದು ಐವತ್ತನಾಲ್ಕು ವರ್ಷದ ನಮ್ಮ ಇತಿಹಾಸ ಅಧ್ಯಾಪಕರದ್ದು. ಗಾಲಿಕುರ್ಚಿಯ ವಿದ್ಯಾರ್ಥಿನಿ ಐದು ಪೆಲೆಟ್ ಮುಗಿಸಿ ಇನ್ನೂ ಐದು ಕೇಳಿ ಪಡೆದಳು. ಮತ್ತೆ ಬರುತ್ತೇವೆ ಎಂದು ನಾಲ್ವರು ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಇಬ್ಬರು ಸ್ವಂತಕ್ಕೆ ರೈಫಲ್ ಮತ್ತು ಜಾಕೆಟ್ ಕೊಳ್ಳಬೇಕೇ ಎಂದು ಕೇಳುತ್ತಿದ್ದಾರೆ.

ರೈಫಲ್ ಮಾರ್ಗದರ್ಶಕ, ಬೆಂಗಳೂರು

ಓದಿ ಬಹಳ ಸಂತೋಷವಾಯಿತು. ಈಗಲೇ ಏನನ್ನೂ ಕೊಳ್ಳುವುದು ಬೇಡ. ಬೆಳೆಯುವ ವಯಸ್ಸಿನವರ ಅಳತೆಗೆ ಇಂದು ಹೊಲಿಸಿದ ಜಾಕೆಟ್ ನಾಳೆ ಬಿಗಿಯಾಗುತ್ತದೆ. ಹಿಡಿತ ಇನ್ನೂ ಬದಲಾಗುತ್ತಿರುವಾಗ ಕೊಂಡ ರೈಫಲ್ ಆಮೇಲೆ ಕೈಗೆ ಹೊಂದದಿರಬಹುದು. ಕೆಲವು ತಿಂಗಳು ಕ್ಲಬ್‌ನ ರೈಫಲಿನಲ್ಲೇ ಹೊಡೆಯಲಿ, ಪ್ರತಿಯೊಂದು ಗುಂಪಿನ ಕಾಗದದ ಮೇಲೂ ದಿನಾಂಕ ಬರೆದು ಇಟ್ಟುಕೊಳ್ಳಲಿ. ಸ್ಪರ್ಧಿಸಬೇಕೆಂಬ ಮನಸ್ಸಾದಾಗ ರಾಜ್ಯ ರೈಫಲ್ ಸಂಸ್ಥೆಯ ಮೂಲಕ ಹೆಸರು ನೋಂದಾಯಿಸುವ ದಾರಿಯನ್ನು ಆ ಕ್ಲಬ್‌ನವರೇ ತೋರಿಸುತ್ತಾರೆ. ಸದ್ಯಕ್ಕೆ ಅವರು ತಮ್ಮದೆಂದು ಕೊಳ್ಳಬಹುದಾದದ್ದು ಒಂದು ಜೊತೆ ರಕ್ಷಣಾ ಕನ್ನಡಕ ಮತ್ತು ಅಡಿ ಸಮತಟ್ಟಾಗಿರುವ ಒಂದು ಜೊತೆ ಬೂಟು.